ಬೆನ್ನಿನ ಸ್ನಾಯು ಬಿಗಿಯಾಗಿದೆಯಾ, ಸೋತಿದೆಯಾ?

ಪ್ರಶ್ನೆ (ಮೊಳಕಾಲ್ಮೂರಿನ ನೇಕಾರರೊಬ್ಬರಿಂದ):
ಸರ್, ನನಗೆ 42 ವರ್ಷ. ಗುಂಡಿ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತೇನೆ. ಎರಡು ವರ್ಷದಿಂದ ಸೊಂಟ ಹಿಡಿದುಕೊಂಡಿದೆ. ಚಿತ್ರದುರ್ಗದಲ್ಲಿ ತೋರಿಸಿದಾಗ "ಸ್ನಾಯು ಬಿಗಿಯಾಗಿದೆ, ಸಡಿಲ ಮಾಡಬೇಕು" ಅಂದರು. ದಾವಣಗೆರೆಯಲ್ಲಿ "ಸ್ನಾಯು ಸೋತಿದೆ, ಗಟ್ಟಿ ಮಾಡಬೇಕು" ಅಂದರು. ಸ್ಕ್ಯಾನಿಂಗಿನಲ್ಲಿ ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬಂದಿದೆ. ಕಾಲಿಗೆ ಏನೂ ತೊಂದರೆ ಇಲ್ಲ. ಎಂಟು ತಿಂಗಳಿಂದ ಬೆಲ್ಟ್ ಕಟ್ಟುತ್ತಿದ್ದೇನೆ. ಯಾರ ಮಾತು ಕೇಳಲಿ?

ಉತ್ತರ (ದಾವಣಗೆರೆಯ ಫಿಸಿಯೋ):
ಇಬ್ಬರು ಹೇಳಿದ್ದೂ ನಿಜ ಇರಬಹುದು. ಒಂದೇ ಬೆನ್ನಿನಲ್ಲಿ ಎರಡೂ ಇರುತ್ತವೆ.

ಬೆನ್ನುಮೂಳೆಯ ಅಕ್ಕಪಕ್ಕ ಕೈ ಇಟ್ಟು ನೋಡಿ. ಹಗ್ಗದ ಹಾಗೆ ಉದ್ದಕ್ಕೆ ಸಿಗುತ್ತಲ್ಲ, ಅವು ಹೊರಗಿನ ದೊಡ್ಡ ಸ್ನಾಯುಗಳು. ನೋವಿಲ್ಲದ ಮನುಷ್ಯ ನಿಧಾನವಾಗಿ ಪೂರ್ತಿ ಬಗ್ಗಿದರೆ, ಕೊನೆಯಲ್ಲಿ ಇವು ಸುಮ್ಮನಾಗಿಬಿಡುತ್ತವೆ. ಆ ಹೊತ್ತಿಗೆ ಭಾರವನ್ನು ಮೂಳೆಗಳ ನಡುವಿನ ಕಟ್ಟುಗಳು ಹಿಡಿದುಕೊಂಡಿರುತ್ತವೆ, ಸ್ನಾಯುವಿಗೆ ಕೆಲಸ ಇರುವುದಿಲ್ಲ. ಚರ್ಮದ ಮೇಲೆ ಪಟ್ಟಿ ಅಂಟಿಸಿ ಸ್ನಾಯುವಿನ ವಿದ್ಯುತ್ ಅಳೆಯುವ ಇಎಂಜಿ ಪರೀಕ್ಷೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1950ರ ದಶಕದಿಂದಲೇ ಗೊತ್ತಿರುವ ವಿಷಯ. ಬಹುಕಾಲದ ನೋವು ಇರುವವರಲ್ಲಿ ಅನೇಕರಿಗೆ ಈ ವಿಶ್ರಾಂತಿ ಸಿಗುವುದೇ ಇಲ್ಲ. ಪೂರ್ತಿ ಬಗ್ಗಿದರೂ ಸ್ನಾಯು ಬಿಗಿ ಬಿಡುವುದಿಲ್ಲ. ಚಳ್ಳಕೆರೆ ಕಡೆ ಶೇಂಗಾ ಹೊಲಕ್ಕೆ ರಾತ್ರಿ ಕಾವಲು ಕೂರುತ್ತಾರಲ್ಲ, ಹಾಗೆ. ಬೆಳೆ ಕಿತ್ತು ಮನೆಗೆ ತಂದ ಮೇಲೂ ಕಾವಲಿನವನು ಗುಡಿಸಲು ಬಿಟ್ಟು ಬರಲಿಲ್ಲ ಅಂದರೆ ಏನಾಗುತ್ತದೆ? ಸುಸ್ತಾಗುತ್ತಾನೆ. ನಿಮ್ಮ "ಬಿಗಿ" ಇದೇ.

ಇನ್ನು "ಸೋತಿದೆ" ಅಂದದ್ದು. ಒಳಗೆ, ಮೂಳೆಗೆ ಅಂಟಿಕೊಂಡ ಹಾಗೆ ಮಲ್ಟಿಫಿಡಸ್ ಅನ್ನುವ ಸಣ್ಣ ಸ್ನಾಯುಗಳಿವೆ. ಒಂದೊಂದು ಮಣಿಯನ್ನೂ ಅದರ ಜಾಗದಲ್ಲಿ ಹಿಡಿಯುವುದು ಇವುಗಳ ಕೆಲಸ. 1994ರಲ್ಲಿ ಆಸ್ಟ್ರೇಲಿಯಾದವರು ಅಲ್ಟ್ರಾಸೌಂಡಿನಲ್ಲಿ ನೋಡಿದಾಗ, ನೋವಿದ್ದ ಕಡೆಯೇ ಈ ಸ್ನಾಯು ಸಣ್ಣಗಾಗಿತ್ತು. 1996ರಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ನೋವು ಹೋದರೂ ವ್ಯಾಯಾಮ ಮಾಡದವರಲ್ಲಿ ಅದು ತಾನಾಗಿ ಮೊದಲಿನ ಗಾತ್ರಕ್ಕೆ ಬರಲಿಲ್ಲ.

ಅಂದರೆ ಹೊರಗಿನದು ಬೇಡದಿದ್ದಾಗಲೂ ದುಡಿಯುತ್ತಿದೆ, ಒಳಗಿನದು ಬೇಕಾದಾಗ ಕೈಕೊಡುತ್ತಿದೆ. ಇದು ಬರೀ ಶಕ್ತಿಯ ಪ್ರಶ್ನೆ ಅಲ್ಲ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನುವ ಲೆಕ್ಕ ತಪ್ಪಿದೆ. ಎಲ್ಲರಿಗೂ ಒಂದೇ ರೀತಿ ತಪ್ಪುವುದಿಲ್ಲ, ಕೆಲವರಿಗೆ ಬಿಗಿಯೇ ಜಾಸ್ತಿ, ಕೆಲವರಿಗೆ ಸೋಲೇ ಜಾಸ್ತಿ. ಅದಕ್ಕೇ ನೀವು ಬಗ್ಗುವುದನ್ನು ಯಾರಾದರೂ ಕಣ್ಣಾರೆ ನೋಡಬೇಕು, ಸ್ಕ್ಯಾನಿಂಗ್ ಕಾಗದ ಅಷ್ಟೇ ನೋಡಿದರೆ ಸಾಲದು. ಡಿಸ್ಕ್ ಉಬ್ಬಿದ್ದಕ್ಕೆ ಹೆದರಬೇಡಿ. ನೋವೇ ಇಲ್ಲದ 40 ವರ್ಷದವರಲ್ಲೂ ಸುಮಾರು ಅರ್ಧ ಜನರಿಗೆ ಅದು ಇರುತ್ತದೆ.

ಪ್ರಶ್ನೆ (ದಾವಣಗೆರೆ ಎಪಿಎಂಸಿಯ ಹಮಾಲಿ):
ನಾನು ಮೆಕ್ಕೆಜೋಳದ ಚೀಲ ಹೊರುತ್ತೇನೆ. ನನಗೂ ಸೊಂಟನೋವು ಹಳೆಯದು. ದಿನವಿಡೀ ಹೊಟ್ಟೆ ಒಳಗೆ ಎಳೆದುಕೊಂಡೇ ಇರು ಅಂತ ಜಿಮ್ಮಿನವರು ಹೇಳಿದ್ದಾರೆ. ಸರೀನಾ?

ಉತ್ತರ:
ಬೇಡ. ಈ ಮಾತಿಗೊಂದು ಮೂಲ ಇದೆ. ನಾವು ಕೈ ಎತ್ತುವ ಮೊದಲೇ ಹೊಟ್ಟೆಯ ಒಳಪದರದ ಸ್ನಾಯು ಬಿಗಿಯಾಗುತ್ತದೆ, ಸೊಂಟನೋವು ಇರುವವರಲ್ಲಿ ಅದು ತಡವಾಗುತ್ತದೆ ಅಂತ 1996ರಲ್ಲಿ ಕಂಡುಕೊಂಡರು. ಆಮೇಲೆ ಲೋಕದ ಫಿಸಿಯೋಗಳೆಲ್ಲ ಹೊಟ್ಟೆ ಎಳೆಸಿದ್ದೇ ಎಳೆಸಿದ್ದು. ನಾನೂ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ, ಈಗ ಹೇಳುವುದಿಲ್ಲ. ಆ ಬಗೆಯ ವ್ಯಾಯಾಮದಿಂದ ಗುಣ ಇದೆ, ಆದರೆ ಬೇರೆ ವ್ಯಾಯಾಮಕ್ಕಿಂತ ಜಾಸ್ತಿ ಏನಿಲ್ಲ ಅಂತ ಮುಂದೆ ಹೋಲಿಸಿ ನೋಡಿದಾಗ ಗೊತ್ತಾಯಿತು. ಚೀಲ ಎತ್ತುವಾಗ ಹೊಟ್ಟೆ ಬಿಗಿಯಾಗಲಿ, ಅದು ಬೇಕೇ ಬೇಕು. ಇಳಿಸಿದ ಮೇಲೆ ಉಸಿರು ಬಿಟ್ಟು ಸಡಿಲ ಬಿಡಿ. ಟೀ ಕುಡಿಯುವಾಗಲೂ ಬಿಗಿ ಹಿಡಿದರೆ ಮೊದಲೇ ದಣಿದ ಬೆನ್ನಿಗೆ ಇನ್ನೊಂದು ಚೀಲ ಹೊರಿಸಿದ ಹಾಗೆ, ಅಲ್ವಾ?

ಪ್ರಶ್ನೆ (ಮೊಳಕಾಲ್ಮೂರಿನ ನೇಕಾರರೇ):
ಮನೆಯಲ್ಲಿ ಏನು ಮಾಡಲಿ? ಬೆಲ್ಟ್ ಬಿಡಲಾ?

ಉತ್ತರ:
ಬೆಲ್ಟನ್ನು ಮೆಲ್ಲಗೆ ಬಿಡಿ. ಈ ವಾರ ಒಂದು ಗಂಟೆ ಕಡಿಮೆ, ಮುಂದಿನ ವಾರ ಇನ್ನೊಂದು. ನಿಮ್ಮಂಥ ದೀರ್ಘಕಾಲದ ನೋವಿಗೆ ಬೆಲ್ಟ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿದೆ.

ಬಿಡುವುದನ್ನು ಕಲಿಯಲು ಕುರ್ಚಿ ಸಾಕು. ಕಾಲು ಅಗಲಿಸಿ ಕೂತು, ಉಸಿರು ಬಿಡುತ್ತಾ ತಲೆ, ಎದೆ, ಸೊಂಟ ಅಂತ ಒಂದೊಂದಾಗಿ ಕೆಳಗೆ ಇಳಿಸಿ. ಕೈ ನೆಲದ ಕಡೆ ಜೋತಾಡಲಿ. ಅಲ್ಲೇ ಎರಡು ಉಸಿರು ಇರಿ. ನೋವು ಬಂದೀತು ಅಂತ ಉಸಿರು ಕಟ್ಟಿದರೆ ಸ್ನಾಯು ಮತ್ತೆ ಹಿಡಿಯುತ್ತದೆ. ಹಿಡಿಯುವುದನ್ನು ಕಲಿಯಲು ಮಂಡಿ ಮತ್ತು ಅಂಗೈ ಊರಿ ನಿಲ್ಲಿ. ಬಲಗೈ, ಎಡಗಾಲು ಚಾಚಿ ಹತ್ತು ಎಣಿಸಿ, ಆಮೇಲೆ ಇನ್ನೊಂದು ಕಡೆ. ಐದೈದು ಸಲ ಸಾಕು. ಮಗ್ಗದಿಂದ ಅರ್ಧ ಗಂಟೆಗೊಮ್ಮೆ ಎದ್ದು ಬನ್ನಿ. ಲಾಳಿ ಕಾಯುತ್ತದೆ.

ಕಾಲು ಸೋಲುವುದು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಕೂರುವ ಜಾಗ ಮರಗಟ್ಟುವುದು ಇದ್ದರೆ ಇದೆಲ್ಲ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ತೂಕ ಇಳಿಯುತ್ತಿದ್ದರೂ ತಡಮಾಡದೆ ತೋರಿಸಿ. ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಇನ್ನೂ ಇದೆ.

ಪ್ರಶ್ನೆ (ಚಿತ್ರದುರ್ಗದ ಶಿಕ್ಷಕಿ):
ನನಗೆ ನೋವು ಬಂದು ಹೋಗಿ ಆರು ವಾರ ಆಯಿತು. ಮೊದಲು ಪ್ರತಿ ಭಾನುವಾರ ಕೋಟೆ ಹತ್ತುತ್ತಿದ್ದೆ. ಇನ್ನು ಬಿಟ್ಟೇ ಬಿಡಬೇಕಾ?

ಉತ್ತರ:
ಯಾಕೆ ಬಿಡಬೇಕು? ನಿಮ್ಮ ಹಾಗೆ ನೋವು ವಾಸಿಯಾದವರಿಗೆ ಫಿಸಿಯೋ ಮಾರ್ಗದರ್ಶನದಲ್ಲಿ ನಡಿಗೆ ರೂಢಿ ಮಾಡಿಸಿದ ಆಸ್ಟ್ರೇಲಿಯಾದ ಅಧ್ಯಯನವೊಂದು 2024ರಲ್ಲಿ ಬಂತು. ನಡೆದವರಿಗೆ ನೋವು ಮರಳಲು ಸಾಮಾನ್ಯವಾಗಿ 208 ದಿನ ಹಿಡಿಯಿತು, ಉಳಿದವರಿಗೆ 112. ಮೊದಲು ಎರಡು ವಾರ ಸಮತಟ್ಟು ರಸ್ತೆಯಲ್ಲಿ ನಡೆಯಿರಿ. ಆಮೇಲೆ ಕೋಟೆಗೆ ಹೋಗಿ. ಮೊದಲ ಭಾನುವಾರ ಏಕನಾಥೇಶ್ವರಿ ಗುಡಿವರೆಗೆ ಹೋಗಿ ಕೂತು ಬನ್ನಿ. ಸೋಮವಾರ ಬೆನ್ನು ಹೇಗಿತ್ತು ಅಂತ ಇಲ್ಲೇ ಬರೆಯಿರಿ.