ಪದಚರ್ಚೆ: ಎಳೆಗೂಸಿನ ಕಕ್ಕಕ್ಕೆ "ಸಾಸಿವೆ ಬಣ್ಣ" ಅನ್ನಬಹುದಾ? (ಜೊತೆಗೆ ಭೇದಿ, ನುಚ್ಚು, ಜೇಡಿಮಣ್ಣು)

ಎಲ್ರಿಗೂ ನಮಸ್ಕಾರ. ಊಟ ತಿಂಡಿ ಮುಗಿಸಿಕೊಂಡೇ ಓದಿ, ವಿಷಯ ಅಂಥದ್ದು.

ನಮ್ಮೂರಿನ ಒಂದು ಹೆರಿಗೆ ಆಸ್ಪತ್ರೆಯವರು ಡಿಸ್ಚಾರ್ಜ್ ದಿನ ಬಾಣಂತಿಯರ ಕೈಗೆ ಕೊಡೋಕೆ ಅಂತ ಎರಡು ಪುಟದ ಇಂಗ್ಲಿಷ್ ಪಾಂಪ್ಲೆಟ್ ಒಂದನ್ನ ಕನ್ನಡಕ್ಕೆ ಮಾಡಿಕೊಡಿ ಅಂದ್ರು. ಬರೀ ಎದೆಹಾಲು ಕುಡಿಯೋ ಮಗುವಿನ ಡೈಪರಲ್ಲಿ ಏನು ಕಂಡ್ರೆ ಸರಿ, ಏನು ಕಂಡ್ರೆ ಡಾಕ್ಟ್ರ ಹತ್ರ ಓಡಬೇಕು ಅನ್ನೋದು ವಿಷಯ. ಅರ್ಧ ಗಂಟೆ ಕೆಲಸ ಅನ್ಕೊಂಡು ಕೂತೆ, ಹತ್ತು ದಿನ ಆಯ್ತು ಇನ್ನೂ ಮುಗಿದಿಲ್ಲ. ಅಚ್ಚು ಹಾಕಿಸೋದು ಕಪ್ಪು ಬಿಳುಪಲ್ಲಿ, ಬಣ್ಣದ ಚಿತ್ರಕ್ಕೆ ದುಡ್ಡಿಲ್ಲ, ಅಂದ್ರೆ ಬಣ್ಣ ಹೇಳೋ ಕೆಲಸ ಪೂರ್ತಿ ಪದಗಳ ಮೇಲೇ ಬಿತ್ತು. ಇದೇ ಹೊತ್ತಿಗೆ ತಂಗಿ ಬಾಣಂತನಕ್ಕೆ ಮನೆಗೆ ಬಂದಿದ್ದಾಳೆ, ಅವಳ ಪಾಪುಗೆ ಇವತ್ತಿಗೆ ಇಪ್ಪತ್ತಾರು ದಿನ, ಹಾಗಾಗಿ ಮಾಡಿದ ಅನುವಾದ ಸರಿ ಇದೆಯಾ ಅಂತ ಪಕ್ಕದ ರೂಮಿಗೆ ಹೋಗಿ ನೋಡಿಕೊಂಡು ಬರಬಹುದು.

ಮೊದಲನೇ ಕಲ್ಲು ಎಡವಿದ್ದು ಸಾಸಿವೆ. ಇಂಗ್ಲಿಷಿನವರು ಐದನೇ ದಿನದಿಂದಾಚೆ ಬರೋ ಕಕ್ಕನ "ಮಸ್ಟರ್ಡ್ ಹಳದಿ" ಅಂತಾರೆ, ಅವರಿಗೆ ಮಸ್ಟರ್ಡ್ ಅಂದ್ರೆ ಬಾಟ್ಲಲ್ಲಿ ಬರೋ ಹಳದಿ ಸಾಸು, ಹಾಟ್ ಡಾಗ್ ಮೇಲೆ ಹಿಂಡ್ತಾರಲ್ಲ ಅದು. ನಾನೂ ನಿದ್ದೆಗಣ್ಣಲ್ಲಿ "ಸಾಸಿವೆ ಬಣ್ಣದ ಮಲ" ಅಂತ ಬರೆದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಒಗ್ಗರಣೆ ಡಬ್ಬಿ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದು, "ಇದೇನೇ ಹಳದಿ? ಈ ಬಣ್ಣದ್ದು ಮಗು ಮಾಡಿದ್ರೆ ನಾನು ಆಸ್ಪತ್ರೆಗೆ ಎತ್ಕೊಂಡು ಓಡ್ತೀನಿ" ಅಂದ್ಲು. ನಿಜ ತಾನೆ, ನಮ್ಮ ಡಬ್ಬಿಯ ಸಾಸಿವೆ ಕಪ್ಪು, ಬಹಳ ಅಂದ್ರೆ ಕಂದು. ಐದು ದಿನ ಆದ ಮೇಲೂ ಮಗು ಕಪ್ಪಗೆ ಹೋಗ್ತಿದ್ರೆ ಅದು ತೋರಿಸಲೇಬೇಕಾದ ಲಕ್ಷಣ. ಒಂದು ಪದ ಸರಿಯಾಗೇ ಅನುವಾದ ಆಗಿ ಅರ್ಥ ಪೂರ್ತಿ ಉಲ್ಟಾ ಆಗೋದು ಅಂದ್ರೆ ಇದು. (ಮಲೆನಾಡಿನವರು ಅನಾನಸ್ ಸಾಸಿವೆ ಹಳದಿ ಅಲ್ವಾ ಅಂತ ವಾದಕ್ಕೆ ಬರ್ತೀರಿ ಅಂತ ಗೊತ್ತು, ಅದು ಹಣ್ಣಿನ ಬಣ್ಣ, ಬಿಡಿ.)

ಅರಿಶಿನ ಅಂತ ಹಾಕೋಣ ಅಂದ್ರೆ ಅರಿಶಿನ ಕಾಮಾಲೆ ನೆನಪಾಗಿ ಇನ್ನೊಂದು ಗಾಬರಿ. ಕೊನೆಗೆ ನಾನು ಹಿಡಿದಿರೋದು ತೊಗರಿಬೇಳೆ ತೊವ್ವೆ. ಬಣ್ಣಕ್ಕೆ ಬಣ್ಣ ಸರಿ, ಹದಕ್ಕೆ ಹದ ಸರಿ. ಕೆಲವು ಮಕ್ಕಳದು ಬೇಳೆಕಟ್ಟಿನಷ್ಟು ತೆಳ್ಳಗೆ, ಕೆಲವರದು ಅರ್ಧ ಮಸೆದ ತೊವ್ವೆ ಥರ ಗಟ್ಟಿ, ಎರಡೂ ಸರಿ. ಮಧ್ಯೆ ಮಧ್ಯೆ ಬಿಳಿ ಬಿಳಿ ಕಾಳು ಥರ ಇರುತ್ತಲ್ಲ, ಜೀರ್ಣ ಆಗದೆ ಉಳಿದ ಹಾಲಿನ ಕೊಬ್ಬಿನ ಗಂಟು, ಅದಕ್ಕೆ ಇಂಗ್ಲಿಷಲ್ಲಿ ಬೀಜಬೀಜ ಅನ್ನೋ ಅರ್ಥದ ಪದ ಇದೆ. ಕನ್ನಡದಲ್ಲಿ ಬೀಜ ಅಂದ್ರೆ ಮಗು ಏನೋ ನುಂಗಿಬಿಟ್ಟಿದೆ ಅಂತಾಗುತ್ತೆ. "ನುಚ್ಚು ನುಚ್ಚಾಗಿ" ಅಂದ್ರೆ ಹೇಗೆ? ನನಗೆ ಇದು ಬಹಳ ಹಿಡಿಸಿದೆ, ಅಕ್ಕಿನುಚ್ಚು ನೋಡದ ಮನೆ ನಮ್ಮಲ್ಲಿಲ್ಲ. ವಾಸನೆ ವಿಷಯಕ್ಕೆ ಮಾತ್ರ ತೊಂದರೆ ಇಲ್ಲ, "ಹುಳಿ ಮಜ್ಜಿಗೆ ವಾಸನೆ" ಅಂದ್ರೆ ಸಾಕು, ಎಲ್ರಿಗೂ ಗೊತ್ತಾಗುತ್ತೆ, ದೊಡ್ಡವರ ಹಾಗೆ ನಾರೋದಿಲ್ಲ. ಊಟದ ಪದಾರ್ಥದ ಹೆಸರು ತರಬೇಡಿ ಅನ್ನೋರೂ ಇದ್ದಾರೆ, ತಂಗಿ ಗಂಡ ಆಗಿಂದ ತೊವ್ವೆ ಬಡಿಸಿದ್ರೆ ಬೇಡ ಅಂತಿದ್ದಾನೆ. ಆದ್ರೆ ಹೋಲಿಕೆ ಹುಟ್ಟೋದೇ ಅಡುಗೆಮನೆಯಲ್ಲಿ, ಬೇರೆ ಎಲ್ಲಿಂದ ತರೋಣ ಹೇಳಿ.

ಹುಟ್ಟಿದ ಮೊದಲೆರಡು ದಿನ ಬರೋ ಕಪ್ಪು ಹಸಿರಿನ ಅಂಟು ಅಂಟಾದ ಕಕ್ಕಕ್ಕೆ ಡಾಕ್ಟ್ರುಗಳು ಮೆಕೋನಿಯಮ್ ಅಂತಾರೆ. ಗ್ರೀಕಲ್ಲಿ ಅದು ಗಸಗಸೆ ಗಿಡದ ರಸ, ಅಂದ್ರೆ ಅಫೀಮಿನ ಅಂಟಿನ ಹೆಸರಿಂದ ಬಂದ ಪದ, ಅವರೂ ನೋಡಿ ಹೋಲಿಕೆಗೇ ಹೋಗಿದ್ದಾರೆ. ಇಂಗ್ಲಿಷ್ ಪಾಂಪ್ಲೆಟಲ್ಲಿ "ಟಾರ್ ಹಾಗೆ" ಅಂತಿದೆ, ಡಾಂಬರು ಅಂತ ಹಾಕಿದ್ದೆ, ಅಮ್ಮ "ಕೀಲೆಣ್ಣೆ ಅನ್ನು, ಸೇಮ್ ಅದೇ" ಅಂದ್ಲು. ಗಾಡಿ ಕೀಲಿಗೆ ಹಚ್ಚೋ ಆ ಕರಿ ಜಿಡ್ಡು ನೋಡಿದವರಿಗೆ ಇದಕ್ಕಿಂತ ಒಳ್ಳೇ ಪದ ಸಿಗಲ್ಲ, ಆದ್ರೆ ಇಪ್ಪತ್ತೆರಡು ವರ್ಷದ ತಾಯಿ ಎತ್ತಿನಗಾಡಿ ಕೀಲು ಎಲ್ಲಿ ನೋಡಿರ್ತಾಳೆ. ಡಾಂಬರೇ ಇರಲಿ ಅನ್ಸುತ್ತೆ. ಇದು ಬೇಗ ಹೊರಗೆ ಹೋದಷ್ಟೂ ಒಳ್ಳೇದು, ಯಾಕಂದ್ರೆ ಕಾಮಾಲೆ ತರೋ ಬಿಲಿರುಬಿನ್ ಇದರಲ್ಲೇ ತುಂಬಿರುತ್ತೆ, ಮೊದಲ ಹಾಲು ಅದನ್ನ ತಳ್ಳಿ ಹೊರಗೆ ಹಾಕುತ್ತೆ. ಮೂರು ನಾಲ್ಕನೇ ದಿನ ಹಸಿರುಗಂದು, ಆಮೇಲೆ ಹಳದಿ.

ಈಗ ಭೇದಿ. ಇದೇ ನನ್ನ ಮುಖ್ಯ ತಕರಾರು.

ಪಾಪುಗೆ ಹನ್ನೆರಡು ದಿನ ಆಗಿತ್ತು. ರಾತ್ರಿ ಹಾಲು ಕುಡೀತಾ ಕುಡೀತಾನೇ ಪುರ್ರ್ ಅಂತ ಸದ್ದು, ತಂಗಿ ಡೈಪರ್ ಬಿಚ್ಚಿದ್ಲು, ಟ್ಯೂಬ್‌ಲೈಟ್ ಕೆಳಗೆ ಮೂರು ಜನ ಬಗ್ಗಿ ನೋಡಿದ್ವಿ. ನೀರೆಲ್ಲ ಡೈಪರ್ ಹೀರಿಕೊಂಡು ಸುತ್ತ ಹಳದಿ ಕಲೆ ಹರಡಿತ್ತು, ನಡುವಲ್ಲಿ ನುಚ್ಚು ಉಳಿದಿತ್ತು. ಅವತ್ತಿನ ಲೆಕ್ಕಕ್ಕೆ ಅದು ಏಳನೇದು. ಅಮ್ಮ ಒಂದೇ ಮಾತಿಗೆ "ಭೇದಿ ಹತ್ಕೊಂಡಿದೆ ಕಣೇ ಕೂಸಿಗೆ" ಅಂದ್ಲು. ಅಷ್ಟೇ. ಆ ಪದ ಬಾಯಿಂದ ಬಿದ್ದಿದ್ದೇ ತಡ ಮನೆಯೊಳಗೆ ಎಲ್ಲ ಬದಲಾಯ್ತು, ಅಜ್ಜಿ ಬಜೆ ತೇಯೋಕೆ ಕಲ್ಲು ಕೇಳಿದ್ರು, ತಂಗಿ ಏನು ತಿಂದ್ಲು ಅಂತ ವಿಚಾರಣೆ ಶುರು, ಸ್ವಲ್ಪ ಹೊತ್ತು ಹಾಲು ನಿಲ್ಲಿಸಿ ಬಿಸಿನೀರು ಕುಡಿಸಿ ನೋಡೋಣ ಅಂತ ಒಂದು ಸಲಹೆ. ತಂಗಿ ಅಳು. ಬೆಳಗ್ಗೆ ಮಕ್ಕಳ ಡಾಕ್ಟ್ರಿಗೆ ಫೋಟೋ ಕಳಿಸಿದ್ರೆ (ತಂಗಿ ಫೋನಲ್ಲಿ ಈಗ ಪಾಪು ಮುಖಕ್ಕಿಂತ ಡೈಪರ್ ಫೋಟೋನೇ ಜಾಸ್ತಿ ಇವೆ) ಮೇಡಂ ನಕ್ಕು, ಎಷ್ಟು ಸಲ ಉಚ್ಚೆ ಮಾಡ್ತು, ಜ್ವರ ಇದೆಯಾ, ಚೆನ್ನಾಗಿ ಕುಡೀತಿದೆಯಾ ಅಂತ ಕೇಳಿ, ಇದು ಭೇದಿ ಅಲ್ಲ, ಎದೆಹಾಲಿನ ಮಗು ಹೋಗೋದೇ ಹೀಗೆ, ಹಾಲು ನಿಲ್ಲಿಸಬೇಡಿ, ಆರು ತಿಂಗಳು ನೀರೂ ಬೇಡ ಅಂದ್ರು. ಹೊಟ್ಟೆಗೆ ಹಾಲು ಬಿದ್ದ ತಕ್ಷಣ ಕರುಳು ಅಲುಗಾಡಿ ಕೆಳಗಡೆ ಜಾಗ ಖಾಲಿ ಮಾಡೋದು ಸಹಜ ಅಂತೆ, ಮೊದಲ ವಾರಗಳಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಆದ್ರೂ ಹೋಗಬೇಕು, ಪ್ರತಿ ಸಲ ಕುಡಿದಾಗಲೂ ಹೋದ್ರೆ ಅದೂ ಸರಿ.

ಹಾಗಾದ್ರೆ ಈ ಸ್ಥಿತಿಗೆ ಕನ್ನಡದಲ್ಲಿ ಪದ ಏನು? ಭೇದಿ ಸಂಸ್ಕೃತದ ಭಿದ್ ಬೇರಿಂದ ಬಂದಿದ್ದು, ಒಡೆಯೋದು ಸೀಳೋದು ಅಂತ ಅರ್ಥ, ಅದರಲ್ಲೇ ಕಾಯಿಲೆ ಕೂತಿದೆ. ಉತ್ತರ ಕರ್ನಾಟಕದವರು ಜುಲಾಬು ಅಂತಾರೆ, ಅದೂ ಔಷಧಿ ತಗೊಂಡು ಹೊಟ್ಟೆ ತೊಳೆಯೋ ಮಾತೇ. ಆಮಶಂಕೆ ಬೇರೆ. ಪೇಟೆಯಲ್ಲಿ "ಲೂಸ್ ಮೋಷನ್", ಅದಂತೂ ಹೇಳಿದ ತಕ್ಷಣ ಮೆಡಿಕಲ್ ಶಾಪಿಗೆ ಕಾಲು ತಿರುಗುತ್ತೆ. ತೆಳ್ಳಗಿದ್ರೂ ಸರಿಯಾಗೇ ಇದೆ ಅನ್ನೋದಕ್ಕೆ ಒಂದು ಒಂಟಿ ಪದ ನನಗೆ ಸಿಕ್ತಿಲ್ಲ. ಹಸುಗೆ ಸಗಣಿ, ಕುದುರೆಗೆ ಲದ್ದಿ, ಆಡಿಗೆ ಹಿಕ್ಕೆ ಅಂತ ಒಂದೊಂದು ಪ್ರಾಣಿಗೂ ಬೇರೆ ಬೇರೆ ಹೆಸರಿಟ್ಟ ಭಾಷೆಯಲ್ಲಿ ಎದೆಹಾಲಿನ ಕಕ್ಕಕ್ಕೆ ಮಾತ್ರ ಹೆಸರಿಲ್ವಾ? "ಹಾಲುಕಕ್ಕ" ಅಂತ ನಾನೇ ಕಟ್ಟಿಕೊಂಡೆ, ಹಾಲುಹಲ್ಲು ಇರೋ ಹಾಗೆ. ತಮಾಷೆಯಾಗಿ ಕೇಳಿಸುತ್ತಾ? ನಿಜವಾದ ಭೇದಿಗೆ ಪಾಂಪ್ಲೆಟಲ್ಲಿ ಬಿಡಿಸಿ ಬರೆದಿದ್ದೀನಿ: ಮಗು ದಿನಾ ಹೋಗೋದಕ್ಕಿಂತ ಇದ್ದಕ್ಕಿದ್ದ ಹಾಗೆ ಜಾಸ್ತಿ ಸಲ, ಬರೀ ನೀರು, ಕೆಟ್ಟ ನಾತ, ಸಿಂಬಳದ ಥರ ಲೋಳೆ ಅಥವಾ ರಕ್ತ, ಜ್ವರ, ಮಗು ಮಂಕಾಗಿ ಹಾಲು ಬೇಡ ಅನ್ನೋದು. ಒಂದೆರಡು ಸಲ ಹಸಿರಾಗಿ ಹೋದ್ರೆ ಅದಕ್ಕೆ ತಾಯಿ ಥಂಡಿ ತಿಂದಿದ್ದು ಕಾರಣ ಅಂತ ಬಯ್ಯೋದು ಬೇಡ, ಪಿತ್ತದ ಬಣ್ಣ ಬದಲಾಗೋಕೆ ಪುರಸೊತ್ತಿಲ್ಲದೆ ಬೇಗ ಬಂದಿರುತ್ತೆ ಅಷ್ಟೇ.

ಇದರ ಉಲ್ಟಾ ಪದವೂ ಅಷ್ಟೇ ಕಾಟ, "ಹೊಟ್ಟೆ ಕಟ್ಟಿದೆ". ಆರು ವಾರ ದಾಟಿದ ಮೇಲೆ ಎದೆಹಾಲಿನ ಮಗು ನಾಲ್ಕು ದಿನ, ಒಂದು ವಾರ ಕೂಡ ಹೋಗದೆ ಇರಬಹುದು, ಹೋದಾಗ ಮೆತ್ತಗಿದ್ದು ಮಗು ಆರಾಮಾಗಿದ್ರೆ ಅದು ಮಲಬದ್ಧತೆ ಅಲ್ಲ. ಮುಖ ಕೆಂಪು ಮಾಡಿಕೊಂಡು ಮುಕ್ಕಿರಿದ್ರೂ ಅಲ್ಲ, ಗಟ್ಟಿ ಉಂಡೆ ಥರ ಬಂದ್ರೆ ಮಾತ್ರ. ಆದ್ರೆ ಮೊದಲ ತಿಂಗಳಲ್ಲೇ ದಿನಗಟ್ಟಲೆ ಹೋಗದಿದ್ರೆ ಹಾಲು ಸಾಲ್ತಿದೆಯಾ ಅಂತ ತೂಕ ನೋಡಿಸಬೇಕು. ಒಂದೇ ಪದ "ಕಟ್ಟಿದೆ" ಎರಡಕ್ಕೂ ನಡೆಯುತ್ತೆ, ವ್ಯತ್ಯಾಸ ವಯಸ್ಸಲ್ಲಿದೆ, ಪದದಲ್ಲಿಲ್ಲ.

ಒಂದಕ್ಕೆ ಎರಡಕ್ಕೆ ಅನ್ನೋದನ್ನ ಕೈ ಬಿಟ್ಟೆ. "ಎರಡನೇ ದಿನ ಎರಡು ಸಲ ಒಂದಕ್ಕೆ" ಅಂತ ಬರೆದು ನಾನೇ ತಲೆ ಚಚ್ಚಿಕೊಂಡೆ. ಉಚ್ಚೆ ಅಂತಲೇ ಹಾಕಿದ್ದೀನಿ: ಮೊದಲ ದಿನ ಒಂದು, ಎರಡನೇ ದಿನ ಎರಡು, ಹೀಗೆ ಏರಿ ಐದಾರನೇ ದಿನದಿಂದ 24 ಗಂಟೆಗೆ ಆರಕ್ಕೆ ಕಮ್ಮಿ ಇಲ್ಲದ ಹಾಗೆ ಒದ್ದೆ ಡೈಪರ್. ಇಲ್ಲೂ ತೊಡಕಿದೆ. ಡೈಪರ್ ಲೆಕ್ಕ ಬಟ್ಟೆ ಲಂಗೋಟಿಗೆ ಸರಿ ಹೋಗಲ್ಲ, ಲಂಗೋಟಿ ಪ್ರತಿ ಸಲ ಬದಲಾಯಿಸ್ತೀವಿ, ಡೈಪರಲ್ಲಿ ಎರಡು ಮೂರು ಸಲದ್ದು ಸೇರಿಕೊಂಡಿರುತ್ತೆ. ಒದ್ದೆ ಅಂದ್ರೆ ಎಷ್ಟು ಭಾರ ಅಂತ ಗೊತ್ತಾಗೋಕೆ ಹೊಸ ಡೈಪರಿಗೆ ಮೂರು ದೊಡ್ಡ ಚಮಚ, ಅಂದ್ರೆ ಸುಮಾರು 45 ಎಂಎಲ್ ನೀರು ಹಾಕಿ ಕೈಯಲ್ಲಿ ಹಿಡಿದು ನೋಡಿ ಅಂತ ಬರೆದಿದ್ದೀನಿ. ಅಂದ ಹಾಗೆ ನಮ್ಮ ಬೀದಿಯಲ್ಲಿ ಯಾವ ಕಂಪನಿದಾದ್ರೂ "ಹಗ್ಗೀಸ್" ಅಂತಲೇ ಕೇಳೋದು, ಡೈಪರ್ ಅನ್ನೋ ಪದ ಪಾಂಪ್ಲೆಟಿಗೆ ಸಾಕಾ?

ಎರಡನೇ ದಿನ ಆಸ್ಪತ್ರೆಯಲ್ಲೇ ಡೈಪರಲ್ಲಿ ಕಿತ್ತಳೆ ಗುಲಾಬಿ ಕಲೆ ಕಂಡು ತಂಗಿ ರಕ್ತ ಅನ್ಕೊಂಡಿದ್ಲು. ಅದು ಉಚ್ಚೆಯ ಯೂರೇಟ್ ಹರಳು, ಇಂಗ್ಲಿಷಲ್ಲಿ ಇಟ್ಟಿಗೆ ಪುಡಿ ಅಂತಾರೆ. ಈ ಒಂದು ಹೋಲಿಕೆ ಮಾತ್ರ ಹಾಗೇ ಕನ್ನಡಕ್ಕೆ ಬಂತು, ಪುಣ್ಯ. ಮೊದಲೆರಡು ಮೂರು ದಿನ ಪರವಾಗಿಲ್ಲ, ಆಮೇಲೂ ಕಂಡ್ರೆ ಹಾಲು ಸಾಲ್ತಿಲ್ಲ ಅಂತಿರಬಹುದು, ತೋರಿಸಬೇಕು. ಹೆಣ್ಣುಮಗುಗೆ ಮೊದಲ ವಾರ ಬಿಳಿ ಲೋಳೆ, ಚೂರು ರಕ್ತ ಕಾಣೋದೂ ಉಂಟು, ತಾಯಿಯ ಹಾರ್ಮೋನಿಂದ ಅಂತೆ.

ಕೊನೇದು, ನಿದ್ದೆ ಕೆಡಿಸಿರೋದು. ಪಿತ್ತ ಕರುಳಿಗೆ ಇಳಿಯದೇ ಇದ್ರೆ ಕಕ್ಕ ಬಿಳಚಿಕೊಳ್ಳುತ್ತೆ. ಪಿತ್ತನಾಳ ಮುಚ್ಚಿಹೋಗೋ ಕಾಯಿಲೆ ಅಪರೂಪ, ಆದ್ರೆ ಆಪರೇಷನ್ ಅರುವತ್ತು ದಿನದೊಳಗೆ ಆದ್ರೆ ಒಳ್ಳೇದಾಗೋ ಸಾಧ್ಯತೆ ಜಾಸ್ತಿ, ಹಾಗಾಗಿ ಇದೊಂದು ಬಣ್ಣ ತಪ್ಪಬಾರದು. ತೈವಾನಲ್ಲಿ 2004ರಿಂದ ದೇಶಕ್ಕೆಲ್ಲ ಬಣ್ಣದ ಕಾರ್ಡ್ ಕೊಡ್ತಾರೆ, ತಾಯಿ ಡೈಪರ್ ಪಕ್ಕ ಹಿಡಿದು ನೋಡಿದ್ರೆ ಮುಗೀತು, ಪದವೇ ಬೇಡ. ನನಗೆ ಪದ ಬೇಕು. ಇಂಗ್ಲಿಷಲ್ಲಿ ಇರೋದು "ಕ್ಲೇ ಬಣ್ಣ", ನಾನು ಜೇಡಿಮಣ್ಣಿನ ಬಣ್ಣ ಅಂತ ಹಾಕಿದ್ದೆ. ಐದು ಜನರಿಗೆ ಓದಿ ಹೇಳಿ ಯಾವ ಬಣ್ಣ ಅಂತ ಕೇಳಿದೆ. ಇಬ್ಬರು ಕಂದು ಅಂದ್ರು, ಒಬ್ಬರು ಕುಂಬಾರರ ಮಣ್ಣಿನ ಕಪ್ಪು, ಒಬ್ಬರು ಕೆಂಪು, ಅಜ್ಜಿ ಒಬ್ಬರೇ ಬಿಳಿ ಅಂದ್ರು, ಅವರು ಚಿಕ್ಕಂದಿನಲ್ಲಿ ಜೇಡಿಯಿಂದ ಗೋಡೆ ಸಾರಿಸಿದ್ದರಂತೆ. ಐದರಲ್ಲಿ ನಾಲ್ಕು ತಪ್ಪು! ಕಂದು ಬಣ್ಣದ್ದು ನೋಡಿ ಹೆದರಿ ಬಂದವರನ್ನ ಸಮಾಧಾನ ಮಾಡಿ ಕಳಿಸಬಹುದು, ಬಿಳಿ ನೋಡಿ ಸುಮ್ಮನಿದ್ದವರನ್ನ ಏನು ಮಾಡೋದು.

ಸುಣ್ಣದ ಬಿಳಿ ಅಂದ್ರೆ ಅಚ್ಚ ಬಿಳಿ ಮಾತ್ರ ಅಂತಾಗುತ್ತೆ, ಆದ್ರೆ ಕೆನೆಬಣ್ಣ, ಬೂದಿ ಬಿಳಿ, ಬಣ್ಣ ಹೋದ ತೆಳು ಹಳದಿಯೂ ಅಪಾಯದ ಕಡೆಗೇ ಬರುತ್ತೆ. ವಿಭೂತಿ ಬಣ್ಣ ಅಂದ್ರೆ ಪಕ್ಕಾ ಸರಿ, ಬೂದಿ ಮಿಶ್ರ ಬಿಳಿ, ಗಟ್ಟಿಯ ರೂಪ ಸಮೇತ. ಅಮ್ಮ "ಹಣೆಗೆ ಇಡೋದನ್ನ ಅಲ್ಲಿಗೆ ತರ್ತೀಯಾ" ಅಂತ ಎರಡು ದಿನ ಮಾತು ಬಿಟ್ಲು. ಈಗ ಕರಡಲ್ಲಿ ಇರೋದು ಇಷ್ಟು: "ಮಗುವಿನ ಕಕ್ಕ ಅಕ್ಕಿಹಿಟ್ಟು ಕಲಸಿದ ಹಾಗೆ ಬಿಳಿಚಾಗಿ, ಬೂದಿ ಬಣ್ಣವಾಗಿ ಕಂಡರೆ, ಅಥವಾ ಎರಡು ವಾರ ಕಳೆದರೂ ಕಣ್ಣು ಮೈ ಹಳದಿಯಾಗಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ, ಆ ಡೈಪರನ್ನೂ ಜೊತೆಗೆ ತನ್ನಿ."

ಕಕ್ಕ ಅಂತಲೇ ಅಚ್ಚು ಮಾಡಿಸ್ತೀನಿ, ಮಲ ಅಂದ್ರೆ ಲ್ಯಾಬ್ ರಿಪೋರ್ಟ್ ಆಗುತ್ತೆ, ಹೇಲು ಅಂತ ಹಾಕೋಕೆ ಆಸ್ಪತ್ರೆಯವರು ಬಿಡಲ್ಲ. ನಿಮ್ಮ ಕಡೆ ಆ ಬಿಳಿಚು ಬಣ್ಣಕ್ಕೆ ಏನಂತೀರಿ, ಮತ್ತೆ ಭೇದಿ ಅಲ್ಲದ ತೆಳು ಕಕ್ಕಕ್ಕೆ ಅಜ್ಜಿಯರ ಬಾಯಲ್ಲಿ ಏನಾದ್ರೂ ಪದ ಇತ್ತಾ, ಬೀದರಿಂದ ಸುಳ್ಯದವರೆಗೆ ಯಾರದ್ದಾದ್ರೂ ಸರಿ, ಊರ ಹೆಸರು ಸಮೇತ ಬರೀರಿ. ಶುಕ್ರವಾರ ಪ್ರೆಸ್ಸಿಗೆ ಹೋಗುತ್ತೆ.