ಶಾಲೆಯಲ್ಲಿ ಮಗುವಿಗೆ ಫಿಟ್ಸ್ ಬಂದರೆ ಟೀಚರ್ ಏನು ಮಾಡಬೇಕು?

ನಾಲ್ಕನೇ ಕ್ಲಾಸ್ ಟೀಚರ್, ಸಕಲೇಶಪುರ
ಮೊನ್ನೆ ಪ್ರಾರ್ಥನೆ ಹೊತ್ತಿನಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಸಾಲಿನಲ್ಲೇ ಬಿದ್ದಳು. ಕೈಕಾಲು ಅದುರುತ್ತಿತ್ತು, ಬಾಯಲ್ಲಿ ನೊರೆ. ಬಿಸಿಯೂಟದ ಅಡುಗೆಯವರು ಬೀಗದ ಕೈ ತಂದು ಅವಳ ಅಂಗೈಗೆ ಇಟ್ಟರು. ಇನ್ಯಾರೋ ಹಲ್ಲಿನ ನಡುವೆ ಚಮಚ ತುರುಕಲು ಹೋದರು. ನಾನು ಸುಮ್ನೆ ನಿಂತಿದ್ದೆ. ಎರಡು ನಿಮಿಷದಲ್ಲಿ ತಾನೇ ನಿಂತಿತು. ಮಾತ್ರೆ ಮೊದಲಿಂದಲೇ ನಡೆಯುತ್ತಿದೆಯಂತೆ. "ಹೇಳಿದ್ರೆ ಎಲ್ಲಿ ಸೇರಿಸ್ಕೊಳ್ಳಲ್ವೋ ಅಂತ ಹೇಳ್ಲಿಲ್ಲ ಮೇಡಂ" ಅಂದರು ಅವಳಮ್ಮ. ಈಗ ಬೇರೆ ಪೋಷಕರು ತಮ್ಮ ಮಕ್ಕಳನ್ನು ಅವಳ ಪಕ್ಕ ಕೂರಿಸಬೇಡಿ ಅನ್ನುತ್ತಿದ್ದಾರೆ. ಮುಂದಿನ ಸಲ ಏನು ಮಾಡಲಿ?

ಕಾಫಿ ತೋಟದವನು, ಮೂಡಿಗೆರೆ
ನನಗೆ ಹತ್ತನೇ ವಯಸ್ಸಿನಿಂದ ಫಿಟ್ಸ್ ಇದೆ ಮೇಡಂ. ಮಿದುಳಿನ ಕರೆಂಟು ಒಂದು ಗಳಿಗೆ ಹದ ತಪ್ಪುತ್ತದೆ, ಅಷ್ಟೇ. ಅದು ತಾನಾಗಿ ನಿಲ್ಲುವ ಹೊತ್ತಿಗೆ ಕೈಯಲ್ಲಿ ಕಬ್ಬಿಣ ಇರುತ್ತದೆ, ಹೆಸರು ಕಬ್ಬಿಣಕ್ಕೆ ಬರುತ್ತದೆ! ಆದರೆ ಚಮಚ ಬೇಡವೇ ಬೇಡ. ನನ್ನ ಮುಂದಿನ ಹಲ್ಲು ಮುರಿದಿದ್ದು ಹಾಗೆಯೇ. ನಾಲಿಗೆ ನುಂಗಿಬಿಡ್ತಾರೆ ಅನ್ನುವುದೂ ಸುಳ್ಳು. ಕೈಕಾಲು ಒತ್ತಿ ಹಿಡಿಯಬೇಡಿ. ಸುತ್ತಲಿನ ಕಲ್ಲು, ಬೆಂಚು ಸರಿಸಿ, ತಲೆ ಕೆಳಗೆ ಬ್ಯಾಗು ಇಡಿ, ಒಂದು ಮಗ್ಗುಲಿಗೆ ಹೊರಳಿಸಿ. ಜೊಲ್ಲು ಹೊರಗೆ ಹೋಗಲಿ. ಪೂರ್ತಿ ಎಚ್ಚರ ಆಗುವವರೆಗೆ ನೀರೂ ಕೊಡಬೇಡಿ. ಮತ್ತೆ, ಮಕ್ಕಳನ್ನು ಕ್ಲಾಸಿಗೆ ಕಳಿಸಿಬಿಡಿ. ಕಣ್ಣು ಬಿಟ್ಟಾಗ ಸುತ್ತ ಅಷ್ಟೂ ಮುಖ ಬಗ್ಗಿ ನೋಡುತ್ತಿರುತ್ತವಲ್ಲ, ನನಗೆ ಇವತ್ತಿಗೂ ಅದೇ ಜಾಸ್ತಿ ನೆನಪು.

ನರ್ಸಮ್ಮ, ಹಾಸನ
ಗಡಿಯಾರ ನೋಡಿಕೊಳ್ಳಿ. 5 ನಿಮಿಷ ದಾಟಿದರೆ, ಅಥವಾ ಎಚ್ಚರ ಆಗದೆ ಮತ್ತೆ ಬಂದರೆ, 108ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ನಿಮ್ಮ ಕಡೆಗೆ ಗಾಡಿ ಬರುವುದು ತಡ ಆಗಬಹುದು. ಊರಲ್ಲಿ ಯಾರ ಜೀಪು ಸಿಗುತ್ತದೆ ಅಂತ ಈಗಲೇ ಕೇಳಿಟ್ಟಿರಿ. ಮಾತ್ರೆ ತಪ್ಪಿದರೆ, ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಜಾಸ್ತಿ, ಹಾಗಾಗಿ ಜಾತ್ರೆಯ ಮರುದಿನ ಒಂದು ಕಣ್ಣಿಟ್ಟಿರಿ. ಅಂಟುರೋಗ ಅಲ್ಲ, ಪಕ್ಕ ಕೂರಬಹುದು. ಇನ್ನೊಂದು ಮಾತು. ಕೆಲವು ಮಕ್ಕಳು ಬೀಳುವುದೇ ಇಲ್ಲ. ಹತ್ತು ಸೆಕೆಂಡು ಕಣ್ಣು ನೆಟ್ಟು ಕೂತುಬಿಡುತ್ತಾರೆ, ಕರೆದರೂ ಓಗೊಡುವುದಿಲ್ಲ, ಆಮೇಲೆ ಏನೂ ಆಗದವರ ಹಾಗೆ ಬರೆಯಲು ಶುರು ಮಾಡುತ್ತಾರೆ. ಅದೂ ಫಿಟ್ಸ್ ಇರಬಹುದು.

ನಾಲ್ಕನೇ ಕ್ಲಾಸ್ ಟೀಚರ್, ಸಕಲೇಶಪುರ
ಸಿಸ್ಟರ್, ನಿಮ್ಮ ಕೊನೆಯ ಮಾತು ಓದಿ ಕೂತುಬಿಟ್ಟೆ. ಜೂನ್‌ನಲ್ಲಿ ಮಗ್ಗಿ ಹೇಳುವಾಗ ಇದೇ ಹುಡುಗಿಗೆ "ಎಲ್ಲಿ ನೋಡ್ತಿದ್ದೀಯಾ" ಅಂತ ಗದರಿ ಎರಡು ಸಲ ನಿಲ್ಲಿಸಿದ್ದೆ. ಇವತ್ತು ಅವಳಮ್ಮನನ್ನು ಕರೆಸಿ ಅದನ್ನೂ ಹೇಳಿದೆ. ಡಾಕ್ಟರಿಗೆ ತಿಳಿಸುತ್ತಾರಂತೆ. ಮಾತ್ರೆಯ ಹೆಸರು, ಹೊತ್ತು ಬರೆದು ಹಾಜರಿ ಪುಸ್ತಕದ ಹಿಂದೆ ಅಂಟಿಸಿದ್ದೇನೆ. ಅವಳ ಜಾಗ ಬದಲಾಯಿಸಿಲ್ಲ. ಅಡುಗೆಯವರಿಗೂ ಎಲ್ಲ ವಿವರಿಸಿದೆ. "ಆಯ್ತು ಮೇಡಂ" ಅಂದರು, ಬೀಗದ ಕೈಯನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡೇ ಓಡಾಡುತ್ತಿದ್ದಾರೆ.