ಒಂದೇ ಸೈಟ್ ಲಾಗಿನ್ ಆಗ್ತಿಲ್ಲ, ಬ್ರೌಸರ್‌ನಲ್ಲಿ ಏನನ್ನು ಅಳಿಸಬೇಕು?

ಕೇಳಿದವರು:
ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಕೂತಿದ್ದೇನೆ. ಕ್ರೋಮ್‌ನಲ್ಲಿ ಐಡಿ, ಪಾಸ್‌ವರ್ಡ್, ಕ್ಯಾಪ್ಚಾ ಎಲ್ಲ ಹಾಕಿ ಒತ್ತಿದರೆ ಒಂದು ಕ್ಷಣ ಸುತ್ತುತ್ತದೆ, ಮತ್ತೆ ಅದೇ ಲಾಗಿನ್ ಪುಟಕ್ಕೆ ಬಂದು ನಿಲ್ಲುತ್ತದೆ. ಪಾಸ್‌ವರ್ಡ್ ತಪ್ಪು ಅಂತಲೂ ಹೇಳುವುದಿಲ್ಲ. ಬೇರೆ ಸೈಟುಗಳೆಲ್ಲ ಚೆನ್ನಾಗಿವೆ. ಪಕ್ಕದ ಮನೆ ಹುಡುಗ ‘ಎಲ್ಲಾ ಕ್ಲಿಯರ್ ಮಾಡಿಬಿಡಿ ಆಂಟಿ’ ಅಂದ. ಆದರೆ ನನ್ನ ಪಾಸ್‌ವರ್ಡುಗಳೆಲ್ಲ ಅದರಲ್ಲೇ ಸೇವ್ ಆಗಿವೆ, ಎಲ್ಲೂ ಬರೆದಿಟ್ಟಿಲ್ಲ. ನಿಮಗೆ ಹೀಗಾದಾಗ ಏನು ಮಾಡಿದಿರಿ?

ಸೈಬರ್ ಸೆಂಟರ್ ನಡೆಸುವವರು:
ಮೇಡಂ, ಸದ್ಯಕ್ಕೆ ಏನನ್ನೂ ಅಳಿಸಬೇಡಿ. ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿ. ಇನ್‌ಕಾಗ್ನಿಟೊ ವಿಂಡೋ ತೆರೆಯುತ್ತದೆ. ಅದರಲ್ಲಿ ಲಾಗಿನ್ ಮಾಡಿ ನೋಡಿ. ಅಲ್ಲಿ ಹಳೆಯ ಕುಕಿ, ಅಂದರೆ ಸೈಟ್ ನಿಮ್ಮ ಬ್ರೌಸರ್‌ನಲ್ಲಿ ಇಟ್ಟಿರುವ ಗುರುತಿನ ಚೀಟಿ, ಇರುವುದಿಲ್ಲ, ಎಕ್ಸ್‌ಟೆನ್ಷನ್‌ಗಳೂ (ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಮ್‌ಗಳು) ನೀವು ಅನುಮತಿ ಕೊಟ್ಟಿರದಿದ್ದರೆ ಕೆಲಸ ಮಾಡುವುದಿಲ್ಲ. ಅಲ್ಲಿ ಒಳಗೆ ಹೋದರೆ ಸೈಟ್ ಸರಿಯಿದೆ, ತೊಂದರೆ ನಿಮ್ಮ ಬ್ರೌಸರ್‌ನಲ್ಲೇ ಇದೆ ಅಂತ ಲೆಕ್ಕ. ಅಲ್ಲೂ ಹೋಗದಿದ್ದರೆ ಅಳಿಸಿ ಪ್ರಯೋಜನ ಕಮ್ಮಿ. ರಾತ್ರಿ ಊಟ ಮುಗಿಸಿ ಮತ್ತೆ ನೋಡಿ. ಕೊನೇ ದಿನಾಂಕ ಹತ್ತಿರ ಬಂದಾಗ ಸರ್ವರ್‌ಗೂ ಉಸಿರು ಕಟ್ಟುತ್ತೆ.

ನೀವು ಹೇಳಿದ್ದು ಕುಕಿ ತೊಂದರೆ ಥರ ಇದೆ. ಲಾಗಿನ್ ಆದಾಗ ಸೈಟ್ ಒಂದು ಚೀಟಿ ಕೊಡುತ್ತದೆ, ಆಮೇಲೆ ಪ್ರತಿ ಪುಟಕ್ಕೂ ಬ್ರೌಸರ್ ಆ ಚೀಟಿ ತೋರಿಸುತ್ತದೆ. ಹಳೇ ಚೀಟಿ ಅಂಟಿಕೊಂಡು ಕೂತಿದ್ದರೆ, ಅವಧಿ ಮುಗಿದ ಬಸ್ ಪಾಸ್ ತೋರಿಸಿದ ಹಾಗೆ, ಇಳಿಸಿಬಿಡುತ್ತಾರೆ. ಕ್ಯಾಶ್ ಬೇರೆ. ಅದು ಚಿತ್ರ, ಪುಟದ ಫೈಲುಗಳನ್ನು ಮತ್ತೆ ಮತ್ತೆ ಡೌನ್‌ಲೋಡ್ ಮಾಡಬಾರದು ಅಂತ ಎತ್ತಿಟ್ಟುಕೊಂಡದ್ದು. ಪುಟ ಅರ್ಧಂಬರ್ಧ ಕಾಣುತ್ತಿದ್ದರೆ, ಬಟನ್ ಒತ್ತಿದರೂ ಸುಮ್ನೆ ಕೂತಿದ್ದರೆ ಕ್ಯಾಶ್ ಮೇಲೆ ಅನುಮಾನ. ಎಷ್ಟೋ ಸಲ ಕಂಟ್ರೋಲ್ ಮತ್ತು ಎಫ್5 ಒತ್ತಿದರೇ ಅದು ಸರಿಹೋಗುತ್ತದೆ.

ಇನ್‌ಕಾಗ್ನಿಟೊದಲ್ಲಿ ಕೆಲಸ ಆಯ್ತು ಅಂದರೆ ಮಾಮೂಲಿ ವಿಂಡೋಗೆ ವಾಪಸ್ ಬನ್ನಿ. ಆ ಸೈಟಿನ ವಿಳಾಸದ ಎಡಗಡೆ ಒಂದು ಚಿಕ್ಕ ಗುರುತು ಇದೆಯಲ್ಲ, ಅದನ್ನು ಒತ್ತಿ. ಕುಕೀಸ್ ಅಂಡ್ ಸೈಟ್ ಡೇಟಾ, ಆಮೇಲೆ ಮ್ಯಾನೇಜ್. ಅಲ್ಲಿ ಆ ಸೈಟಿನ ಹೆಸರಿನ ಮುಂದೆ ಕಸದ ಬುಟ್ಟಿ ಇರುತ್ತದೆ. ಅದೊಂದನ್ನೇ ಅಳಿಸಿ. ಬೇರೆ ಯಾವುದರಿಂದಲೂ ಲಾಗೌಟ್ ಆಗುವುದಿಲ್ಲ.

ನಮ್ಮ ಅಂಗಡಿಯಲ್ಲಿ ಒಬ್ಬರು ಯಜಮಾನರಿಗೆ ‘ತಡೀರಿ ಸಾರ್, ಕ್ಯಾಶ್ ಕ್ಲಿಯರ್ ಮಾಡ್ತೀನಿ’ ಅಂದೆ. ‘ಆಗಲೇ ಕೊಟ್ಟೆನಲ್ಲಪ್ಪ’ ಅಂದರು.

ಕೈ ಸುಟ್ಟುಕೊಂಡವಳು:
ನಾನು ಆ ಹುಡುಗ ಹೇಳಿದ್ದನ್ನೇ ಮಾಡಿದ್ದೆ. ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿದೆ. ಏನೇನು ಅಳಿಸಬೇಕು ಅಂತ ಕೇಳುವ ಪಟ್ಟಿ ಬಂತು. ‘ಆಲ್ ಟೈಮ್’ ಆರಿಸಿ ಕಂಡ ಕಂಡ ಚೌಕಕ್ಕೆಲ್ಲ ಟಿಕ್ ಹಾಕಿದೆ. ಪಾಸ್‌ವರ್ಡಿಗೂ! ಸಿಂಕ್, ಅಂದರೆ ಕಂಪ್ಯೂಟರ್, ಫೋನ್ ಎರಡರಲ್ಲೂ ಒಂದೇ ಥರ ಇಡುವ ವ್ಯವಸ್ಥೆ, ಆನ್ ಇತ್ತು, ಹಾಗಾಗಿ ಫೋನಿನಲ್ಲಿದ್ದ ಪಾಸ್‌ವರ್ಡುಗಳೂ ಹೋದವು. ಆ ಸಂಜೆ ಪೂರ್ತಿ ಒಟಿಪಿ, ‘ಫರ್ಗಾಟ್ ಪಾಸ್‌ವರ್ಡ್’, ಮತ್ತೆ ಒಟಿಪಿ. ಅನ್ನ ತಳ ಹಿಡಿದದ್ದೂ ಗೊತ್ತಾಗಲಿಲ್ಲ. ಬುಕ್‌ಮಾರ್ಕ್‌ಗಳು ಮಾತ್ರ ಹಾಗೇ ಇದ್ದವು, ಅವು ಆ ಪಟ್ಟಿಯಲ್ಲೇ ಇಲ್ಲ.

ಈ ಪಟ್ಟಿಗೆ ಹೋಗಲೇಬೇಕಾದರೆ ಪಾಸ್‌ವರ್ಡ್, ಆಟೊಫಿಲ್ (ಹೆಸರು, ವಿಳಾಸ ತಾನೇ ತುಂಬುವುದು) ಸಾಲುಗಳ ಟಿಕ್ ತೆಗೆದು ಹೋಗಿ. ಇನ್ನೊಂದು, ಅರ್ಧ ತುಂಬಿದ ಫಾರ್ಮ್ ಬೇರೆ ಟ್ಯಾಬ್‌ನಲ್ಲಿ ತೆರೆದಿದ್ದರೆ ಮೊದಲು ಸೇವ್ ಮಾಡಿ. ಕುಕಿ ಅಳಿಸಿದರೆ ಅದರ ಲಾಗಿನ್ನೂ ಹೋಗುತ್ತದೆ.

ಫೋನ್‌ನಲ್ಲೇ ಎಲ್ಲ ಮಾಡುವವನು:
ಆಂಡ್ರಾಯ್ಡ್ ಸೆಟಿಂಗ್ಸ್‌ನಲ್ಲಿ ಆಪ್ ಒಳಗೆ ಸ್ಟೋರೇಜ್‌ಗೆ ಹೋದರೆ ‘ಕ್ಲಿಯರ್ ಕ್ಯಾಶ್’ ಸಿಗುತ್ತದೆ, ಅದರಿಂದ ಭಯವಿಲ್ಲ. ‘ಕ್ಲಿಯರ್ ಡೇಟಾ’ ಒತ್ತಿದರೆ ಬ್ರೌಸರ್ ಹೊಸದಾಗಿ ಹಾಕಿದ ಹಾಗಾಗುತ್ತದೆ. ನಾನು ಆಮೇಲೆ ಓದೋಣ ಅಂತ ತೆರೆದಿಟ್ಟಿದ್ದ ಟ್ಯಾಬುಗಳೆಲ್ಲ ಹೋದವು. ನಿಜ ಹೇಳಬೇಕೆಂದರೆ ಅವನ್ನು ಯಾವತ್ತೂ ಓದುತ್ತಿರಲಿಲ್ಲ.

ಹಳೇ ಡೆಸ್ಕ್‌ಟಾಪ್ ಮಾಲೀಕ:
ನನ್ನ ಕಥೆ ಬೇರೆ. ಯಾವ ಸೈಟ್ ತೆರೆದರೂ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಅನ್ನುವ ಎಚ್ಚರಿಕೆ. ಮೂರು ಸಲ ಎಲ್ಲ ಅಳಿಸಿದೆ, ಏನೂ ಆಗಲಿಲ್ಲ. ಕೊನೆಗೆ ನೋಡಿದರೆ ಕಂಪ್ಯೂಟರಿನ ತಾರೀಕು ಎಷ್ಟೋ ವರ್ಷ ಹಿಂದಿತ್ತು! ಮದರ್‌ಬೋರ್ಡ್ ಮೇಲಿನ, ಗಡಿಯಾರ ನಡೆಸುವ ಬಿಲ್ಲೆ ಬ್ಯಾಟರಿ ಮುಗಿದಿತ್ತು. ಸೈಟ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ನಮ್ಮ ಗಡಿಯಾರವೇ ಸುಳ್ಳು ಹೇಳಿದರೆ ಬ್ರೌಸರ್ ಏನು ಮಾಡೀತು? ಸಿಆರ್2032 ಅನ್ನುವ ಬ್ಯಾಟರಿ ಹಾಕಿ ತಾರೀಕು ಸರಿ ಮಾಡಿದೆ, ಅಷ್ಟೇ.

ಕೇಳಿದವರು:
ಇನ್‌ಕಾಗ್ನಿಟೊದಲ್ಲಿ ಮೊದಲ ಸಲಕ್ಕೇ ಒಳಗೆ ಹೋಯ್ತು! ಆಮೇಲೆ ಆ ಸೈಟಿನದ್ದನ್ನಷ್ಟೇ ಅಳಿಸಿದೆ. ಈಗ ಮಾಮೂಲಿ ವಿಂಡೋದಲ್ಲೂ ಬರುತ್ತಿದೆ, ಪಾಸ್‌ವರ್ಡುಗಳೂ ಇದ್ದಲ್ಲೇ ಇವೆ. ಎಲ್ಲರಿಗೂ ಥ್ಯಾಂಕ್ಸ್. ಈಗ ಮಗಳ ಫೋಟೊ 50 ಕೆಬಿ ದಾಟಿದೆ ಅಂತ ಜಗಳ ತೆಗೆದಿದೆ.

ಸೈಬರ್ ಸೆಂಟರ್ ನಡೆಸುವವರು:
ಪೇಂಟ್‌ನಲ್ಲಿ ತೆರೆದು ರೀಸೈಜ್ ಒತ್ತಿ, 50 ಪರ್ಸೆಂಟ್ ಕೊಟ್ಟು ಜೆಪೆಗ್ ಆಗಿ ಸೇವ್ ಮಾಡಿ ಮೇಡಂ. ಮೂಲ ಫೋಟೊ ಹಾಗೇ ಇರಲಿ, ಬೇರೆ ಹೆಸರು ಕೊಡಿ.